ಮೂರೋ ಎಂಟೋ

ಮೊನ್ನೆ ಗಂಜಾಂನಲ್ಲಿರುವ ನಮ್ಮ ಔಷಧಿ ಅಂಗಡಿಯ ಮುಂದೆ ಒಂದು ಮದುವೆ ದಿಬ್ಬಣ ಹೋಯಿತು. ನಿಮಿಷಾಂಬ ದೇವಸ್ಥಾನಕ್ಕೆ ಹೋಗುವ ದಾರಿ, ದಿಬ್ಬಣಗಳು ನನಗೆ ಹೊಸತಲ್ಲ. ಯಾರೋ ಸರಪಟಾಕಿ ಹಚ್ಚಿದರು. ಸದ್ದಿಗೆ ನಾನು ಬೆಚ್ಚಲಿಲ್ಲ. ಸದ್ದೆಲ್ಲ ಅಡಗಿದ ಮೇಲೆ ಸುಟ್ಟ ಮದ್ದಿನ ವಾಸನೆ ಕೌಂಟರು ದಾಟಿ ಒಳಗೆ ಬಂತು ನೋಡಿ, ಆಗ ನನ್ನ ಅಂಗೈ ಬೆವೆತುಹೋಯಿತು. ಕೆಮ್ಮಿನ ಔಷಧಿಗೆ ಬಂದಿದ್ದ ಅಜ್ಜಿ, “ಯಾಕವ್ವ, ಮೊಕ ಇಂಗೆ ಬೆಳ್ಳಗಾಗೋಯ್ತು?” ಎಂದರು. “ಸಕ್ಕರೆ ಕಮ್ಮಿ ಆಗಿರಬೇಕು ಅಜ್ಜಿ” ಎಂದೆ. ಔಷಧಿ ಅಂಗಡಿಯವರಿಗೆ ಇದೊಂದು ಅನುಕೂಲ. ಯಾವ ಸುಳ್ಳಿಗೂ ಒಂದು ಕಾಯಿಲೆಯ ಹೆಸರು ಕೈಗೆಟುಕುವ ದೂರದಲ್ಲೇ ಇರುತ್ತದೆ.

ನಿಮಗೆ ನಿಜ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನಮ್ಮಪ್ಪನ ವಿಷಯ ಹೇಳಬೇಕು.

ನಮ್ಮದು ಪಾಂಡವಪುರದ ಕುಲುಮೆ ಮನೆ. ತಾತ ಗುಳ, ಕುಡುಗೋಲು ಬಡಿದವರು. ಅಪ್ಪ ಹದಿನೆಂಟಕ್ಕೇ ಸೈನ್ಯ ಸೇರಿ, ಬಂದೂಕು ರಿಪೇರಿಯ ಕೆಲಸ ಕಲಿತು, ಪಿಂಚಣಿ ಹಿಡಿದು ಊರಿಗೆ ಬಂದು ಒಂದು ಲೇತ್ ಅಂಗಡಿ ಹಾಕಿದ. ಪಂಪಿನ ಬುಷ್ಷು, ಟ್ರಾಕ್ಟರಿನ ಪಿನ್ನು, ಇಂಥವೇ ಕೆಲಸ. ಸೈನ್ಯದಿಂದ ಅವನು ತಂದದ್ದು ಒಂದು ಟ್ರಂಕು, ಒಡೆದ ಹಿಂದಿ, ಮತ್ತು ಯಾವ ವಸ್ತು ಕೈಗೆ ಸಿಕ್ಕರೂ ಮಗುಚಿ ತಳ ನೋಡುವ ಚಟ. ನನ್ನನ್ನು ನೋಡಲು ಮೊದಲು ಬಂದಿದ್ದ ಗಂಡಿನವರ ಮನೆಗೆ ನಾವು ಮರುಭೇಟಿಗೆ ಹೋದಾಗ, ಕಾಫಿ ಕುಡಿದು ಲೋಟ ಮಗುಚಿ ಬೆಳಕಿಗೆ ಹಿಡಿದುಬಿಟ್ಟ. ಬೆಳ್ಳಿಯೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡರು ಅವರು. ಆ ಸಂಬಂಧ ಅಲ್ಲಿಗೇ ನಿಂತಿತು. ಅದರಿಂದ ನನಗೆ ಒಳ್ಳೆಯದೇ ಆಯಿತೆಂದು ನನ್ನ ಗಂಡನ ಮುಂದೆ ಆಗಾಗ ಹೇಳಬೇಕಾಗುತ್ತದೆ.

ಈ ಚಟ ಅಪ್ಪನಿಗೆ ಬಂದದ್ದು ತೋಟಾಗಳಿಂದ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಕ್ಕೆ ಅವನು ಸೈನ್ಯದ ಮಾತಿನಲ್ಲಿ ‘ಖೋಕಾ’ ಎನ್ನುತ್ತಿದ್ದ. ಖೋಕಾದ ತಳದಲ್ಲಿ, ಮದ್ದಿಗೆ ಕಿಡಿ ಹಚ್ಚುವ ಕ್ಯಾಪಿನ ಸುತ್ತ, ಎರಡು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿಗಳ ಅಚ್ಚು ಇರುತ್ತದೆ. ಅಕ್ಷರ ಕಾರ್ಖಾನೆಯದು, ಅಂಕಿ ವರ್ಷದ್ದು. “ಜಾತಕ ಇರಾದೇ ತಳದಾಗೆ ಕಣವ್ವ” ಎನ್ನುತ್ತಿದ್ದ. ಯಾವ ಕಾರ್ಖಾನೆಯ ಯಾವ ವರ್ಷದ ಮಾಲು ಗಟ್ಟಿ, ಯಾವುದು ಟೊಳ್ಳು ಎಂಬುದು ಅವನಿಗೆ ಬಾಯಿಪಾಠ.

ಈ ವಿದ್ಯೆ ಬೇಕಾಗಿದ್ದದ್ದು ಸುತ್ತಮುತ್ತ ಒಬ್ಬರಿಗೆ ಮಾತ್ರ. ಶೀಳನೆರೆಯ ಸಿದ್ದೇಗೌಡರು. ಕಬ್ಬು, ಹೈನು ಇದ್ದ ದೊಡ್ಡ ಮನೆ. ಆಗ ಅವರಿಗೆ ನಲವತ್ತೈದಿರಬಹುದು. ಅವರ ತಾತನ ಕಾಲದ ಒಂದು ರೈಫಲ್ಲು ಲೈಸೆನ್ಸಿನೊಂದಿಗೆ ಅವರ ಪಾಲಿಗೆ ಬಂದಿತ್ತು. ಗುರಿ ಹೊಡೆಯುವ ಪಂದ್ಯಗಳಿಗೆ ಹೋಗುವ ಹುಚ್ಚು. ಆ ಹಳೆಯ ರೈಫಲ್ಲಿಗೆ ಹೊಸ ತೋಟಾ ಸಿಗುವುದು ಕಷ್ಟ. ಮನೆಯಲ್ಲಿ ಮಹಾಯುದ್ಧದ ಆಸುಪಾಸಿನ ವರ್ಷಗಳ ಮಿಲಿಟರಿ ಖೋಕಾಗಳು ಎರಡು ಡಬ್ಬಿ ಇದ್ದವು. ಅವಕ್ಕೆ ಮತ್ತೆ ಕ್ಯಾಪು, ಮದ್ದು, ಗುಂಡು ಕೂಡಿಸಿಕೊಳ್ಳಲು ಗೌಡರು ಅನುಮತಿ ಮಾಡಿಸಿಕೊಂಡು ಒಂದು ಕೈಯಂತ್ರ ಇಟ್ಟುಕೊಂಡಿದ್ದರು. ಯಾವ ಖೋಕಾ ಮತ್ತೆ ತುಂಬಲು ಬರುತ್ತದೆ, ಯಾವುದು ಗುಜರಿಗೆ ಹೋಗಬೇಕು ಎಂದು ಆರಿಸಿಕೊಡುವುದು ಅಪ್ಪನ ಕೆಲಸ.

ಆರಿಸುತ್ತಿದ್ದವಳು ನಾನು. ಫಾರ್ಮಸಿ ಓದು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಅಪ್ಪ ಲೇತಿನ ಪಕ್ಕ ಮಣೆ ಹಾಕಿ ಕೂರಿಸಿ, “ನಿನ್ ಕಣ್ಣು ಎಳೇದು, ಓದವ್ವ” ಎಂದಿದ್ದ. ನಾನು ಓದಿ ಒಳ್ಳೆಯದರ ಗುಡ್ಡೆಗೆ ಹಾಕುವುದು, ಅವನು ಅದನ್ನೆತ್ತಿ ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿ ‘ಊಂ’ ಎನ್ನುವುದು. ಆ ‘ಊಂ’ ಇದ್ದುದರಿಂದಲೇ ನಾನು ಅಷ್ಟು ಬೇಗ ಬೇಗ ಓದುತ್ತಿದ್ದೆ.

ಒಂದೇ ಒಂದು ಎಚ್ಚರಿಕೆಯನ್ನು ಅಪ್ಪ ಹತ್ತು ಸಲ ಹೇಳಿದ್ದ. ಆ ಡಬ್ಬಿಗಳಲ್ಲಿ ಒಂದು ಕಾರ್ಖಾನೆಯ ಮಾಲು ಎರಡು ವರ್ಷದ್ದಿತ್ತು. 48 ಎಂದಿದ್ದರೆ ಚಿನ್ನದಂಥದ್ದು. 43 ಎಂದಿದ್ದರೆ ಮುಟ್ಟಬಾರದು. ಆ ವರ್ಷದ ಕ್ಯಾಪಿನಲ್ಲಿ ಪಾದರಸ ಹಾಕಿದ್ದರಂತೆ. ಒಮ್ಮೆ ಉರಿದರೆ ಪಾದರಸ ಹಿತ್ತಾಳೆಯೊಳಗೆ ಇಳಿಯುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಹಪ್ಪಳ. ಮತ್ತೆ ತುಂಬಿ ಹೊಡೆದರೆ ಬುಡದಲ್ಲಿ ಹರಿದು, ಬೆಂಕಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ, ಹೊಡೆಯುವವನ ಕಣ್ಣಿಗೇ ಬರಬಹುದು. ಸೈನ್ಯದಲ್ಲಿ ಒಬ್ಬ ಜವಾನನಿಗೆ ಹಾಗಾದದ್ದನ್ನು ಅಪ್ಪ ನೋಡಿದ್ದ. ಅದನ್ನು ವಿವರಿಸುತ್ತಿರಲಿಲ್ಲ. “ಬ್ಯಾಡ ಬುಡು” ಎಂದು ಲೇತಿನ ಕಡೆ ತಿರುಗುತ್ತಿದ್ದ.

ಗೌಡರು ಬಂದು ಆರಿಸಿದ ಡಬ್ಬಿ ತೆಗೆದುಕೊಂಡು ಹೋಗಿ ಒಂದು ವಾರವಾಗಿತ್ತು. ಅಪ್ಪ ಬೆಳಿಗ್ಗೆಯೇ ಪಂಪಿನ ಕೆಲಸಕ್ಕೆಂದು ನಾಗಮಂಗಲಕ್ಕೆ ಹೋಗಿದ್ದ. ಉಳಿದಿದ್ದ ಒಂದು ಹಿಡಿ ಖೋಕಾಗಳನ್ನು ನಾನು ಹುಣಸೆಹುಳಿಯಲ್ಲಿ ನೆನೆಹಾಕಿ ಉಜ್ಜುತ್ತಿದ್ದೆ. ಒಂದರ ತಳದಲ್ಲಿ 48 ಎಂದಿತ್ತು. ಒಳ್ಳೆಯದು ಇಲ್ಲೇ ಉಳಿದುಬಿಟ್ಟಿದೆಯಲ್ಲ ಎಂದುಕೊಂಡು ಇನ್ನಷ್ಟು ಉಜ್ಜಿದೆ. ಎಂಟರ ಎಡಗಡೆಯಲ್ಲಿ ಕೂತಿದ್ದ ಕಿಲುಬು ಕರಗಿತು. ಎಂಟು ಬಾಯಿಬಿಟ್ಟು ಮೂರಾಯಿತು.

ಖೋಕಾವನ್ನು ನೀರಿನಲ್ಲಿ ಅದ್ದಿ ಮತ್ತೊಮ್ಮೆ ನೋಡಿದೆ, ಮೂರೇ. 48 ಎಂದು ಓದಿ ನಾನು ಗೌಡರ ಡಬ್ಬಿಗೆ ಹಾಕಿದ್ದವು ಏಳು. ಲೆಕ್ಕ ನೆನಪಿತ್ತು, ಏಕೆಂದರೆ ಅಂಥದ್ದು ಸಿಕ್ಕಾಗಲೆಲ್ಲ ನಾನು ‘ಚಿನ್ನ’ ಎಂದು ಕೂಗಿ ಹೇಳಿದ್ದೆ. ಅವನ್ನು ಹೀಗೆ ಉಜ್ಜಿರಲಿಲ್ಲ. ತೊಳೆದುಕೊಳ್ಳುವುದು ಗೌಡರ ಕೆಲಸವೆಂದು ಹಾಗೆಯೇ ಕೊಟ್ಟಿದ್ದೆವು. ಅವರೋ ಬರೀ ನೀರಿನಲ್ಲಿ ಜಾಲಾಡುತ್ತಿದ್ದರಷ್ಟೆ.

ಓಡಿಹೋಗಿ ಪಕ್ಕದ ಬೂತಿನಿಂದ ಫೋನು ಮಾಡಿದೆ. ಗೌಡರ ತಾಯಿ ಎತ್ತಿದರು.

“ಸಿದ್ದ ಇಲ್ಲ ಕಣವ್ವ. ಬಂದೂಕ ತಕ್ಕಂಡು ಗಣಿ ತಾವ್ಕೆ ಈಗ್ಲೇ ವಂಟೋದ.”

“ಅಜ್ಜಿ, ಯಾರನ್ನಾದ್ರೂ ಕಳಿಸಿ. ಹೊಡೀಬೇಡಿ ಅಂತ ಹೇಳಿಸಿ.”

“ಏನ? ಜೋರಾಗಿ ಏಳು, ನಂಗೆ ಕೇಳಾಕಿಲ್ಲ. ಆಳುಗೋಳೆಲ್ಲ ಕಬ್ಬಿನ್ ಗದ್ದೇಲವ್ರೆ. ನೀನ್ಯಾರ ಮಗ?”

ಮೂರು ಸಲ ಕೂಗಿದೆ. “ಅಂಗಾ, ಬಂದ್ಮ್ಯಾಲೆ ಏಳ್ತೀನಿ ಬುಡು” ಎಂದು ಇಟ್ಟುಬಿಟ್ಟರು.

ಕೆ.ಆರ್. ಪೇಟೆ ಕಡೆಯ ಬಸ್ಸು ಹತ್ತಿದೆ. ಆ ಬಸ್ಸು ಎಷ್ಟು ನಿಧಾನವಾಗಿ ಹೋಯಿತೆಂದು ನಿಮಗೆ ಹೇಗೆ ಹೇಳಲಿ? ಚಿನಕುರಳಿಯಲ್ಲಿ ಕಲ್ಲುಚಪ್ಪಡಿ ಹೇರಿಕೊಂಡ ಟ್ರಾಕ್ಟರೊಂದು ಅಡ್ಡ ನಿಂತಿತ್ತು. ಡ್ರೈವರು ಇಳಿದು ಟ್ರಾಕ್ಟರಿನವನ ಜೊತೆ ಜಗಳಕ್ಕೆ ನಿಂತ. ಅಷ್ಟರಲ್ಲಿ ಹತ್ತಿರದ ಗಣಿಯಲ್ಲಿ ಸಿಡಿಮದ್ದು ಹಾರಿಸಿದರು. ಬಸ್ಸಿನಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ಮಾತ್ರ ‘ಅಯ್ಯೋ’ ಎಂದು ಎದ್ದು ನಿಂತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಚಿನಕುರಳೀಲಿ ದಿನಾ ಇದೇಯ, ಕುಂತ್ಕಳವ್ವ” ಎಂದು ಸೆರಗು ಹಿಡಿದು ಕೂರಿಸಿದಳು.

ಶೀಳನೆರೆಯಲ್ಲಿ ಇಳಿದು ಗೌಡರ ಗಣಿಯ ದಾರಿ ಕೇಳಿದೆ. ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿ ಅದು. ಅದರ ಗೋಡೆಗೆ ಗುರಿ ನಿಲ್ಲಿಸಿ ಅವರು ಅಭ್ಯಾಸ ಮಾಡುತ್ತಿದ್ದರು. ಕಬ್ಬಿನ ಗದ್ದೆಗಳ ನಡುವಿನ ಗಾಡಿಜಾಡಿನಲ್ಲಿ ಅರ್ಧ ನಡೆದು ಅರ್ಧ ಓಡುತ್ತಿರುವಾಗ ಮೊದಲ ಗುಂಡಿನ ಸದ್ದು ಕೇಳಿತು. ನಿಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡನೆಯದು ಕೇಳಿತೆಂದರೆ ಮೊದಲನೆಯದರಲ್ಲಿ ಅವರಿಗೇನೂ ಆಗಿಲ್ಲ. ಆದರೆ ಈ ಎರಡನೆಯದರಲ್ಲಿ ಆಗಿರಬಹುದು. ಅದು ತಿಳಿಯಬೇಕಾದರೆ ಮೂರನೆಯದು ಕೇಳಬೇಕು. ಸದ್ದಾದರೆ ಭಯ, ಆಗದಿದ್ದರೆ ಅದಕ್ಕಿಂತ ದೊಡ್ಡ ಭಯ. ನಿಮಿಷಾಂಬಾ ತಾಯಿ, ಇನ್ನೊಂದು ಗುಂಡು ಹಾರಲಿ, ಇನ್ನೊಂದು ಗುಂಡು ಹಾರದಿರಲಿ ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಬೇಡಿಕೊಂಡೆ. ಆರು ಕೇಳಿದವು. ಆಮೇಲೆ ಏನೂ ಇಲ್ಲ. ಕಬ್ಬಿನ ಗರಿಯ ಸದ್ದು, ನನ್ನ ಉಸಿರಿನ ಸದ್ದು.

ಗುಂಡಿಯ ಅಂಚಿಗೆ ಬಂದಾಗ ಆ ವಾಸನೆ ಮೂಗಿಗೆ ಬಡಿಯಿತು. ಕೆಳಗಿನಿಂದ ಗದರು ದನಿ: “ಲೇ, ಯಾರ್ಲಾ ಅದು? ಅಲ್ಲೇ ನಿಂತ್ಕಳ್ಲಾ! ಗುಂಡು ಆರಿಸ್ತಾವ್ನಿ, ಕಾಣಾಕಿಲ್ವಾ?”

ಆ ಬೈಗುಳದಷ್ಟು ಇಂಪಾದ ಮಾತನ್ನು ನಾನು ಇನ್ನೂ ಕೇಳಿಲ್ಲ. ಗೌಡರು ಬಂಡೆಯ ಮೇಲೆ ರೈಫಲ್ಲು ಊರಿ ಮಲಗಿದ್ದವರು ಎದ್ದು ನಿಂತರು. “ಅಯ್, ಆಚಾರ್ರ ಮಗಳಾ! ಏನವ್ವ ಇದು, ಇಲ್ಲೀಗಂಟ?”

ಹೇಳಿದೆ. ಹೇಳುತ್ತ ಅತ್ತೆ. ಮೊದಲು ಅವರು ನಕ್ಕರು. “ಅಷ್ಟೇಯಾ? ಬುಡವ್ವ, ಉಡುಕಿದ್ರಾಯ್ತು.” ರೈಫಲ್ಲಿನೊಳಗಿದ್ದದ್ದನ್ನು ಹೊರಗೆ ತೆಗೆದರು. ತುಂಬಿದ ತೋಟಾಗಳನ್ನೆಲ್ಲ ಟವಲಿನ ಮೇಲೆ ಹರಡಿದರು. ಇಬ್ಬರೂ ಮಂಡಿಯೂರಿ ಒಂದೊಂದರ ತಳವನ್ನೂ ಓದಿದೆವು. ಅನುಮಾನ ಬಂದದ್ದನ್ನು ನಾನು ಸೀರೆಪಿನ್ನಿನಿಂದ ಕೆರೆದೆ. ಒಂದೊಂದೇ ಮೂರುಗಳು ಹೊರಬಂದವು. ಆರು ಸಿಕ್ಕವು. ಏಳನೆಯದು ಇರಲಿಲ್ಲ.

ಇಬ್ಬರೂ ಒಂದೇ ಸಲಕ್ಕೆ ಹುಲ್ಲಿನ ಕಡೆ ನೋಡಿದೆವು. ಹಾರಿಸಿದ ಖೋಕಾಗಳು ಅಲ್ಲಿ ಬಿದ್ದಿದ್ದವು. ಗೌಡರೇ ಬಗ್ಗಿ ಒಂದೊಂದನ್ನೂ ಎತ್ತಿದರು. ನಾಲ್ಕನೆಯದನ್ನು ಎತ್ತಿದವರು ಹಾಗೆಯೇ ಬಗ್ಗಿ ನಿಂತರು. ಬುಡದಿಂದ ಬೆರಳಗಲ ಮೇಲೆ, ಅರ್ಧ ಸುತ್ತು, ಕೂದಲೆಳೆಯಂಥ ಒಂದು ಬಿರುಕು. ಅದರ ಅಂಚಿನಲ್ಲಿ ಹೊಗೆಯ ಕರಿ.

“ಒಂದ್ ದಪ ಕೆನ್ನೆಗೆ ಬಿಸಿ ಗಾಳಿ ವಡ್ದಂಗಾಯ್ತು” ಎಂದರು ಗೌಡರು ನಿಧಾನವಾಗಿ. “ಬಿಸ್ಲು ಅನ್ಕಂಡೆ.”

ಆಮೇಲೆ ಬಂಡೆಯ ಮೇಲೆ ಕೂತರು. ನೀರಿನ ಬಾಟಲಿಯ ಮುಚ್ಚಳ ತಿರುವಲು ಹೋದರು, ಆಗಲಿಲ್ಲ. ನಾನು ತೆಗೆದುಕೊಟ್ಟೆ. ಅಷ್ಟು ದೊಡ್ಡ ಗಂಡಸು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: “ನಮ್ಮವ್ವಂಗೆ ಪೋನ್ನಲ್ಲಿ ಏನೂ ಏಳ್ನಿಲ್ವಲ್ಲ?”

ಸಂಜೆ ಅಪ್ಪ ನಾಗಮಂಗಲದಿಂದ ಬಂದು ಕೈಕಾಲು ತೊಳೆದ. ನಾನು ಎಲ್ಲ ಹೇಳಿ, ಬಿರುಕುಬಿಟ್ಟ ಖೋಕಾವನ್ನು ಅವನ ಅಂಗೈಗೆ ಹಾಕಿದೆ. ಅವನ ಹೆಬ್ಬೆರಳಿನ ಉಗುರು ಸೀದಾ ಬಿರುಕಿನ ಮೇಲೆ ಹೋಗಿ ನಿಂತಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಆಗ ನನಗೇ ಸಿಟ್ಟು ಬಂತು.

“ನಾನ್ ತಪ್ಪು ಓದ್ದೆ, ಸರಿ. ನೀನೂ ನೋಡ್ದೆ ಅಲ್ವಾ ಅಪ್ಪ? ಏಳಕ್ಕೂ ಊಂ ಅಂದ್ಯಲ್ಲ?”

ಅಪ್ಪ ಖೋಕಾವನ್ನು ಬೆರಳುಗಳ ನಡುವೆ ತಿರುಗಿಸಿದ.

“ತಳದಲ್ಲಿ ಏನ್ ಬರ್ದದೆ, ಈಗ ಓದು.”

ಭೂತಗನ್ನಡಿ ತೆಗೆದ. ಖೋಕಾವನ್ನು ಬಲ್ಬಿನ ಕಡೆ ಹಿಡಿದ. ಹತ್ತಿರ ತಂದ, ದೂರ ಒಯ್ದ, ತಲೆ ಓರೆ ಮಾಡಿದ. ನಾನು ನೂರು ಸಲ ನೋಡಿದ್ದ ಅದೇ ಭಂಗಿ. ಆಮೇಲೆ ಗಾಜನ್ನು ಲೇತಿನ ಮೇಲಿಟ್ಟ.

“ಕಾಣಾಕಿಲ್ಲ ಕಣವ್ವ. ಒಂದೊರ್ಸದಿಂದ ಕಾಣಾಕಿಲ್ಲ.”

ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ದೊಡ್ಡಪ್ಪನಿಗೆ ಪೊರೆ ತೆಗೆಸಿದಾಗ ಕೀವಾಗಿ ಒಂದು ಕಣ್ಣೇ ಹೋಗಿದ್ದನ್ನು ನೋಡಿದ್ದ ಅಪ್ಪ, ಆಸ್ಪತ್ರೆಯ ಹೆಸರಿಗೇ ನಡುಗುತ್ತಿದ್ದ. ನಾನೋ ಅವನ ಕಣ್ಣನ್ನು ನಂಬಿಕೊಂಡು ಓದುತ್ತಿದ್ದೆ. ಅವನು ನನ್ನ ಕಣ್ಣನ್ನು ನಂಬಿಕೊಂಡು ‘ಊಂ’ ಎನ್ನುತ್ತಿದ್ದ. ನೋಡುತ್ತಿದ್ದವರು ನಮ್ಮಿಬ್ಬರಲ್ಲಿ ಯಾರೂ ಇರಲಿಲ್ಲ.

ಮರುದಿನ ಅಪ್ಪ ಬಿಳಿ ಶರಟು ಹಾಕಿಕೊಂಡು ಒಬ್ಬನೇ ಶೀಳನೆರೆಗೆ ಹೋಗಿಬಂದ. ಗೌಡರಿಗೆ ಏನು ಹೇಳಿದನೋ, ಅವರೇನು ಅಂದರೋ, ನನಗೆ ಹೇಳಲಿಲ್ಲ. ಆದರೆ ಮುಂದಿನ ವಾರ ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದವರು ಗೌಡರೇ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಪ್ಪ ಅವರ ತೋಳು ಹಿಡಿದು ಇಳಿದದ್ದು ಇನ್ನೂ ಕಣ್ಣಮುಂದಿದೆ. ದೃಷ್ಟಿ ಬಂತು. ಆಮೇಲೆಯೂ ಹತ್ತು ವರ್ಷ ಲೇತ್ ನಡೆಸಿದ. ಖೋಕಾ ಮಾತ್ರ ಮುಟ್ಟಲಿಲ್ಲ.

ಇಷ್ಟನ್ನು ಬರೆಯಲು ನಾನು ಮೂರು ದಿನ ತೆಗೆದುಕೊಂಡಿದ್ದೇನೆ. ಅಪ್ಪ ಗಾಜು ಕೆಳಗಿಟ್ಟ ಗಳಿಗೆಯನ್ನು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ನಿಮಗೆ ಇನ್ನೂ ಹೇಳದ ಒಂದು ಮಾತಿದೆ. ಎರಡು ತಿಂಗಳಿಂದ ಮಾತ್ರೆಗಳ ಹಾಳೆಯ ಮೇಲಿನ ಸಣ್ಣಕ್ಷರ ನನಗೆ ಸರಿಯಾಗಿ ಕಾಣುತ್ತಿಲ್ಲ. ಬಣ್ಣ ನೋಡಿ, ಕಂಪನಿಯ ಗುರುತು ನೋಡಿ ಕೊಡುತ್ತಿದ್ದೇನೆ. ಗಿರಾಕಿ ಎದುರಿಗಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ, ‘ಊಂ’ ಎನ್ನುತ್ತೇನೆ.

ಇವತ್ತು ಬೆಳಿಗ್ಗೆ ಗಂಡನಿಗೆ ಹೇಳಿದೆ. “ನನಗೆ ಕಾಣಿಸ್ತಾ ಇಲ್ಲ ಕಣ್ರೀ.” ಅವರು ಪತ್ರಿಕೆ ಕೆಳಗಿಟ್ಟು, “ಯಾವಾಗಿಂದ?” ಎಂದರು. ಹೇಳಿದೆ. ಅವರ ಮುಖ ನೋಡಲಾಗದೆ ಎದ್ದು ಹೋಗಿ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿಕೊಂಡು ಬಂದೆ.

ಈಗ ಹನ್ನೊಂದು ಗಂಟೆ. ಎರಡು ತಿಂಗಳ ಔಷಧಿ ಚೀಟಿಗಳ ನಕಲನ್ನು ಗಂಡ ಜೋರಾಗಿ ಓದುತ್ತಿದ್ದಾರೆ. ನಾನು ಮನೆಗಳ ಗುರುತು ಹೇಳುತ್ತಿದ್ದೇನೆ. ಹೃದಯದ ಮಾತ್ರೆಯವರು ಮೊದಲು, ಆಮೇಲೆ ಸಕ್ಕರೆಯವರು. ಪಟ್ಟಿ ಮುಗಿದೊಡನೆ ಇಬ್ಬರೂ ಹೊರಡುತ್ತೇವೆ. ಮೊದಲ ಮನೆ ಹೊಳೆಯ ಕಡೆಯ ಬೀದಿಯಲ್ಲಿದೆ. ಬಾಗಿಲು ತಟ್ಟಿ, ನಾನು ಕೊಟ್ಟ ಹಾಳೆ ಒಂದಿಷ್ಟು ತೋರಿಸಿ ಎಂದು ಕೇಳಬೇಕು. ಬಾಗಿಲು ತೆರೆಯುವವರು ಆ ಮಾತ್ರೆ ನುಂಗುವವರೇ ಆಗಿರಲಿ.