ಹರಣಿ ಯಾರಿಗೆ ಹಾಲು ಇಳಿಸಿತು

ತಮ್ಮನ ಕಬ್ಬು ತನ್ನ ಕಬ್ಬಿಗಿಂತ ಮೊಳ ಎತ್ತರ ಬೆಳೆದರೂ ಸದಲಗಾದ ಲಗಮಣ್ಣನಿಗೆ ಹೊಟ್ಟೆಕಿಚ್ಚು ಆಗುತ್ತಿರಲಿಲ್ಲ. ತಮ್ಮ ಹೊಸ ಟ್ರ್ಯಾಕ್ಟರ್ ತಂದಾಗ ತಾನೇ ಮುಂದೆ ನಿಂತು ತೆಂಗಿನಕಾಯಿ ಒಡೆದಿದ್ದ. ಆದರೆ ಎಮ್ಮೆಯ ಮಾತು ಬಂತೋ, ಮನುಷ್ಯ ಬೇರೆಯೇ ಆಗುತ್ತಿದ್ದ. ಅವನ ಹರಣಿಯ ಬೆನ್ನ ಮೇಲೆ ಯಾರಾದರೂ ಕೈಯಾಡಿಸಿದರೆ ಸಾಕು, ತನ್ನ ಜೇಬಿಗೇ ಕೈ ಹಾಕಿದರೇನೋ ಎಂಬಂತೆ ಹೌಹಾರುತ್ತಿದ್ದ.

ಹರಣಿ ಪಂಢರಪುರಿ ತಳಿಯ ಎಮ್ಮೆ. ಕೊಂಬುಗಳು ಹೆಗಲು ದಾಟಿ ಹಿಂದಕ್ಕೆ ಬಾಗಿದ್ದವು. ಹುಟ್ಟಿದ ವಾರದಲ್ಲೇ ತಾಯಿ ಸತ್ತ ಕರುವಿಗೆ ಲಗಮಣ್ಣ ಬಾಟಲಿ ಹಿಡಿದು ಹಾಲು ಕುಡಿಸಿ ಬೆಳೆಸಿದ್ದ. ದೀಪಾವಳಿ ಪಾಡ್ಯದ ದಿನ ಈ ಕಡೆ ಎಮ್ಮೆ ಓಡಿಸುವ ಹಬ್ಬವಿದೆ. ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಕವಡೆಸರ ಕಟ್ಟಿ, ಯಜಮಾನ ಮೋಟಾರ್ ಸೈಕಲ್ ಮೇಲೆ ಮುಂದೆ ಹೋಗುತ್ತ ಕೂಗಿದರೆ ಎಮ್ಮೆ ಹಗ್ಗವಿಲ್ಲದೆ ಅವನ ಹಿಂದೆ ಓಡಬೇಕು. ಯಾರ ಕೂಗಿಗೆ ಓಡುತ್ತದೋ ಎಮ್ಮೆ ಅವನದು. ಉಳಿದ ಕಾಗದಪತ್ರವನ್ನು ಊರವರು ಕೇಳುವುದಿಲ್ಲ. ಪ್ರತಿ ವರ್ಷ ಲಗಮಣ್ಣನ ಹಿಂದೆ ಹರಣಿ ಧೂಳೆಬ್ಬಿಸಿ ಓಡುತ್ತಿತ್ತು, ಅವನು ಮುಂದಿನ ಪಾಡ್ಯದವರೆಗೂ ಅದೇ ಮಾತಾಡುತ್ತಿದ್ದ.

ಹೋದ ಸುಗ್ಗಿಯಲ್ಲಿ ಕಬ್ಬಿನ ಟ್ರೇಲರಿನಿಂದ ಕಾಲು ಜಾರಿ ಬಿದ್ದು ಅವನ ಮೊಣಕಾಲ ಚಿಪ್ಪು ಒಡೆಯಿತು. ಮೀರಜದಲ್ಲಿ ಆಪರೇಶನ್ ಆಯಿತು. ಇನ್ನು ಕುಕ್ಕರಗಾಲಲ್ಲಿ ಕೂಡಬಾರದು ಎಂದರು ಡಾಕ್ಟರು. ಕುಕ್ಕರಗಾಲಲ್ಲಿ ಕೂಡದವನು ಎಮ್ಮೆ ಹಿಂಡುವುದು ಹೇಗೆ? ಪಕ್ಕದ ಮನೆಯ ತಮ್ಮ ಈಶ್ವರ ಹರಣಿಯನ್ನು ತನ್ನ ಕೊಟ್ಟಿಗೆಗೆ ಒಯ್ದ. ಲಗಮಣ್ಣನೇ ಕೇಳಿಕೊಂಡಿದ್ದ ಅನ್ನಿ. ಆದರೆ ಒಳಗಿನ ಲೆಕ್ಕ ಬೇರೆಯಿತ್ತು. ಹರಣಿ ಈಶ್ವರನಿಗೆ ಹಾಲು ಕೊಡುವುದಿಲ್ಲ, ನಾಲ್ಕು ಒದೆ ಕೊಡುತ್ತದೆ, ತಮ್ಮ ಬಂದು ನಿನ್ನಂಥವನು ಇಲ್ಲ ಅಣ್ಣಾ ಎಂದು ಕೈ ಮುಗಿಯುತ್ತಾನೆ ಎಂದು ಅವನು ಕಾದಿದ್ದ.

ಮೊದಮೊದಲು ಹಾಗೆಯೇ ಆಯಿತು. ಗೋಡೆಯಾಚೆ ಚರಿಗೆ ಉರುಳುವ ಸದ್ದು, ಈಶ್ವರನ ಬೈಗುಳ ಕೇಳಿ ಹಾಸಿಗೆಯಲ್ಲೇ ಲಗಮಣ್ಣನ ಮುಖ ಅರಳಿತು. ಆಮೇಲೆ ಒಂದು ಬೆಳಿಗ್ಗೆ ಬೈಗುಳ ನಿಂತು, ಚರಿಗೆಯಲ್ಲಿ ಹಾಲಿನ ಧಾರೆ ಸರ್ ಸರ್ ಎನ್ನತೊಡಗಿತು. ಅದು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಹುರಿದಂತಾಗುತ್ತಿತ್ತು.

ಅದೇ ಸುಮಾರಿಗೆ ಅವನ ಕಂದು ಸ್ವೆಟರೂ ಕಾಣೆಯಾಯಿತು. ಮೊಣಕೈ ಹರಿದ, ಸಗಣಿ, ತಂಬಾಕು, ಬೆವರು ಎಲ್ಲದರ ವಾಸನೆ ಕುಡಿದ ಸ್ವೆಟರು. ಬೇಸಿಗೆಯ ನಸುಕಿನಲ್ಲೂ ಅದನ್ನು ಹಾಕಿಕೊಂಡೇ ಹಾಲು ಹಿಂಡುತ್ತಿದ್ದ. ಹೆಂಡತಿ ಸಕ್ಕುಬಾಯಿಯನ್ನು ಕೇಳಿದರೆ, "ನಂಗೇನ್ ಗೊತ್ತ್ರಿ?" ಎಂದಳು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಇವಳೇ ಕೊಟ್ಟಿದ್ದಾಳೆ ಎಂದು ಲಗಮಣ್ಣ ದಿನಗಟ್ಟಲೆ ಹಾರಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಮ್ಮನ ಮೇಲಿನ ಸಿಟ್ಟಿಗೆ ಪಾಪ, ಹೆಂಡತಿ ಸಿಕ್ಕಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕೋಲು ಬಿಟ್ಟು ನಡೆಯತೊಡಗಿದ. ಪ್ಲಾಸ್ಟಿಕ್ ಸ್ಟೂಲು ಹಿಡಿದು ಸೀದಾ ತಮ್ಮನ ಕೊಟ್ಟಿಗೆಗೆ ಹೋದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕಾಲಿಗೆ ಘಮಘಮ ನೋವಿನ ಮುಲಾಮು. ಮದುಮಗನ ಹಾಗೆ ಹೋಗಿ ಕುಳಿತರೆ ಹರಣಿ ಮೂಗು ಅರಳಿಸಿ ಮೂಸಿತು, ಹಿಂದೆ ಸರಿಯಿತು, ಕೆಚ್ಚಲಿನ ಹಾಲನ್ನು ಮೇಲೆ ಏರಿಸಿಕೊಂಡಿತು. ಅರ್ಧ ಚರಿಗೆಯೂ ಆಗಲಿಲ್ಲ.

"ಸೂಜಿ ಚುಚ್ಚಿ ಹಾಲು ಇಳಸಾಕತ್ತಾನ," ಎಂದು ಅವನು ಅಂದೇ ಕಟ್ಟೆಯ ಮೇಲೆ ಕೂತು ಸಾರಿದ. "ಎಮ್ಮಿ ಅಂಜಿ ಹಾಲು ಕೊಡತೈತಿ ಹೊರತು ಮನಸಿಂದ ಅಲ್ಲ."

ಆಗಲೇ ಚಿಕ್ಕೋಡಿಯ ಒಂದು ಲ್ಯಾಬಿನಿಂದ ಶೀತಲ್ ಎಂಬ ಹುಡುಗಿ ಐಸ್ ಡಬ್ಬಿ ಹೊತ್ತು ಊರಿಗೆ ಬಂದಳು. ಹಿಂಡುವಾಗ ಎಮ್ಮೆಗಳಿಗೆ ಎಷ್ಟು ತ್ರಾಸವಾಗುತ್ತದೆ ಎಂದು ಅಳೆಯುವ ಕೆಲಸ ಅವಳದು.

"ಅಂಜಿಕಿ ಆದ್ರ ಮೈಯಾಗ ಒಂದು ಹಾರ್ಮೋನ್ ಹೆಚ್ಚಾಗತೈತ್ರಿ ಕಾಕಾ, ಕಾರ್ಟಿಸೋಲ್ ಅಂತ," ಎಂದಳು. "ಅದು ಹಾಲಿಗೂ ಒಂದಿಷ್ಟು ಇಳೀತೈತಿ. ನಾವು ಅದನ್ನ ಅಳೀತೀವಿ."

"ಅಂದ್ರ ಯಾರ ಕೈಗೆ ಅಂಜತೈತಿ ಅನ್ನೂದು ಗೊತ್ತಾಗತೈತೇನ್ರಿ?" ಲಗಮಣ್ಣನ ಕಣ್ಣು ಹೊಳೆದವು.

ಈಶ್ವರ ಹೆಚ್ಚು ಮಾತಿನವನಲ್ಲ. ಆದರೆ ಸೂಜಿಯ ಮಾತು ಅವನಿಗೂ ಚುಚ್ಚಿತ್ತು. "ಆಗ್ಲಿ ಅಣ್ಣಾ, ಪರೀಕ್ಷಾ ಆಗ್ಲಿ," ಎಂದ. "ನನ್ನ ಕೈಯಾಗ ಅದಕ್ಕ ತ್ರಾಸ್ ಅಂತ ಬಂದ್ರ ಅವತ್ತ ನಿನ್ನ ಕೊಟ್ಟಿಗ್ಯಾಗ ಕಟ್ತೀನಿ. ಇಲ್ಲಾಂದ್ರ ಅದು ನನ್ನ ಹತ್ರಾನ ಇರ್ಲಿ, ಈ ಪಾಡ್ವಾಕ್ಕ ನಾನ ಓಡಸ್ತೀನಿ."

ಲಗಮಣ್ಣ ಒಪ್ಪಿದ. ಇಬ್ಬರೂ ಸರದಿಯ ಮೇಲೆ ಹಿಂಡಿದರು. ಅಣ್ಣನ ಹಾಲು ಕೆಂಪು ಮುಚ್ಚಳದ ಬಾಟಲಿಗೆ, ತಮ್ಮನದು ನೀಲಿಗೆ. ತಮ್ಮನ ಸರದಿಯಲ್ಲಿ ಲಗಮಣ್ಣ ಆ ಕಡೆ ತಲೆಯನ್ನೂ ಹಾಕಲಿಲ್ಲ, ನೋಡಲಾಗುತ್ತಿರಲಿಲ್ಲ. ಮನೆಯಲ್ಲೇ ಕೂತು ದೇವರಲ್ಲಿ ಒಂದೇ ಬೇಡಿಕೊಂಡ: ಹರಣಿಗೆ ಅವನ ಕೈಯಲ್ಲಿ ತ್ರಾಸವಾಗಲಿ. ಬಾಟಲಿ ಹಾಲು ಕುಡಿಸಿ ಬೆಳೆಸಿದ ಜೀವಕ್ಕೆ ಅಂಜಿಕೆಯಾಗಲಿ, ನಡುಕ ಬರಲಿ ಎಂದು ಹರಕೆ ಹೊತ್ತವನನ್ನು ಏನೆನ್ನಬೇಕು? ಹೊಟ್ಟೆಕಿಚ್ಚು ಎಂಬುದು ಅಷ್ಟು ಕೆಟ್ಟದ್ದು.

ಪರೀಕ್ಷೆಯ ದಿನ ಯಾರೂ ಕರೆಯದಿದ್ದರೂ ಅವನು ಚಿಕ್ಕೋಡಿಯ ಬಸ್ಸು ಹತ್ತಿದ. ಬಾಗಿಲಲ್ಲಿ ನಿಂತವನ ಮುಲಾಮಿನ ವಾಸನೆಗೆ ಶೀತಲ್ ಮೂಗು ಮುಚ್ಚಿಕೊಂಡು ನಕ್ಕಳು. ಅವಳ ಮುಂದೆ ಸಣ್ಣ ಅಳಗುಳಿಮಣೆಯ ಹಾಗಿನ ಪ್ಲಾಸ್ಟಿಕ್ ತಟ್ಟೆ. ಗುಳಿಗಳಿಗೆ ಹಾಲಿನಿಂದ ತೆಗೆದ ನೀರನ್ನು ಹನಿಹನಿ ಬಿಟ್ಟಳು, ತೊಳೆದಳು, ಮತ್ತೇನೋ ಬಿಟ್ಟಳು. ನೋಡನೋಡುತ್ತ ಗುಳಿಗಳು ನೀಲಿಯಾದವು, ಕೊನೆಯ ಹನಿ ಬಿದ್ದೊಡನೆ ಹಳದಿಗೆ ತಿರುಗಿದವು.

"ನಮ್ಮವು ಯಾವ್ರಿ?"

"ಈ ಸಾಲು ನಿಮ್ಮದು, ಕೆಂಪು ಮುಚ್ಚಳದ್ದು. ಅದು ನಿಮ್ಮ ತಮ್ಮನ ಸಾಲು. ತಡೀರಿ, ಯಂತ್ರದಾಗ ಇಟ್ಟು ನಂಬರ್ ತಗೊಂಡು ಬರ್ತೀನಿ."

ಅವನದು ತೆಳ್ಳಗೆ, ಹಳದಿಯೋ ಅಲ್ಲವೋ ಎನ್ನುವಷ್ಟು. ತಮ್ಮನದು ಅರಿಷಿಣ ಕಲಸಿಟ್ಟಂತೆ ಗಾಢ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇವನಿಗೆ ತಮ್ಮನ ಹಳದಿಯೊಂದೇ ಕಂಡಿತು. ಅವಳು ತಟ್ಟೆ ಹಿಡಿದು ಒಳಗೆ ಹೋದದ್ದೇ ತಡ, ಹೊರಗೆ ಬಂದು ಫೋನ್ ಹಚ್ಚಿದ.

"ಈಶ್ವರಾ, ನಿನ್ನ ಕೈಯಾಗ ಅದಕ್ಕ ಭಾಳ ತ್ರಾಸ್ ಐತಿ. ನಾ ಕಣ್ಣಾರೆ ನೋಡೇನಿ. ಬಣ್ಣಾನ ಹೇಳತೈತಿ."

ಆ ಕಡೆಯಿಂದ ಈಶ್ವರ, "ಆತಣ್ಣಾ. ಇವತ್ತ ಸಂಜೀಕ ಒಂದ ಸಲ ಹಿಂಡಿ ನಿನ್ನ ಕೊಟ್ಟಿಗ್ಯಾಗ ಕಟ್ತೀನಿ," ಎಂದು ಫೋನಿಟ್ಟ.

ಲಗಮಣ್ಣ ಹೋಟೆಲಿನಲ್ಲಿ ಚಹಾ ಕುಡಿದು, ಮೀಸೆ ಒರೆಸಿಕೊಂಡು ಲ್ಯಾಬಿಗೆ ಮರಳಿದ. ಶೀತಲ್ ಸಪ್ಪೆ ಮುಖ ಮಾಡಿ ಕೂತಿದ್ದಳು.

"ಕಾಕಾ, ನಿಮ್ಮ ಹಾಲಿನಾಗ ಕಾರ್ಟಿಸೋಲ್ ಹೆಚ್ಚೈತ್ರಿ. ತಮ್ಮನದ್ರಾಗ ಕಡಿಮಿ."

"ತಿರುಗಾಮುರುಗಾ ಹೇಳಾಕತ್ತೀರಿ. ಬಣ್ಣ ಅವಂದ ಗಾಢ ಐತಲ್ರಿ!"

"ಈ ಪರೀಕ್ಷಾ ಹಂಗ ಐತಿ. ಗುಳಿ ಒಂದು ಬಸ್ ಅಂತ ತಿಳೀರಿ. ತಳದಾಗ ಸೀಟ್ ಅದಾವು, ಕಾರ್ಟಿಸೋಲ್‌ಗಷ್ಟ ಆ ಸೀಟ್. ನಿಮ್ಮ ಹಾಲಿನಾಗಿಂದು ಬಿಡ್ತೀವಿ, ಜೋಡಿ ನಮ್ಮ ಕಾರ್ಟಿಸೋಲೂ ಒಂದಿಷ್ಟು ಬಿಡ್ತೀವಿ. ಬಣ್ಣ ಬರೂದು ನಮ್ಮದರಿಂದ. ಎರಡೂ ಸೀಟಿಗೆ ಗುದ್ದಾಡತಾವು. ಸೀಟ್ ಸಿಗದ್ದನ್ನ ತೊಳದ ಚೆಲ್ತೀವಿ. ಹಾಲಿನಾಗ ಅದು ಭಾಳ ಇದ್ರ ಸೀಟೆಲ್ಲಾ ಅದ ಹಿಡದಿರತೈತಿ, ಬಣ್ಣ ತೆಳು ಬೀಳತೈತಿ. ಕಡಿಮಿ ಇದ್ರ ನಮ್ಮದ ಆರಾಮ ಕುಂತಿರತೈತಿ, ಬಣ್ಣ ಗಾಢ."

ಒಂದೇ ಸೀಟಿಗೆ ಇಬ್ಬರು ಗುದ್ದಾಡುವ ಮಾತು ಲಗಮಣ್ಣನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವರ್ಷವಿಡೀ ಅವನು ಮಾಡಿದ್ದು ಅದನ್ನೇ.

"ಕೈ ಕೆಟ್ಟದಂತಲ್ರಿ," ಎಂದಳು ಅವಳು, ಅವನ ಮುಖ ನೋಡಿ. "ಏನೋ ಹೊಸಾದು ಇರಬೇಕು. ಎಮ್ಮಿ ಮೂಗು ಭಾಳ ಸೂಕ್ಷ್ಮ."

ಅವನಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದ. ಸುಳ್ಳು ಹೇಳಬೇಕಾಗಿಯೇ ಇಲ್ಲ, ಅದು ಆಗಲೇ ಫೋನಿನಲ್ಲಿ ಹೋಗಿದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹರಣಿ ಇವತ್ತೇ ಮನೆಗೆ ಬರುತ್ತದೆ, ಪಾಡ್ಯಕ್ಕೆ ತಾನೇ ಮುಂದೆ. ಹಾಲು ಏರಿಸಿಕೊಂಡರೆ ಏರಿಸಿಕೊಳ್ಳಲಿ. ತಮ್ಮನಿಗಂತೂ ಸಿಗುವುದಿಲ್ಲವಲ್ಲ. ದೂಧಗಂಗಾ ಹೊಳೆ ಕಣ್ಣಿಗೆ ಬೀಳುವ ಹೊತ್ತಿಗೆ ಅವನ ತೀರ್ಮಾನ ಗಟ್ಟಿಯಾಗಿತ್ತು.

ಇಳಿದವನು ನೆಟ್ಟಗೆ ತಮ್ಮನ ಕೊಟ್ಟಿಗೆಗೆ ನಡೆದ. ಬಾಗಿಲಲ್ಲೇ ಅವನ ಕಾಲು ನಿಂತಿತು. ಹರಣಿಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಹಿಂಡುತ್ತಿದ್ದವನು ತಾನೇ! ಅದೇ ಬೆನ್ನು, ಅದೇ ಕಂದು ಬಣ್ಣ, ಅದೇ ಹರಿದ ಮೊಣಕೈ. ಹರಣಿ ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಚರಿಗೆಯಲ್ಲಿ ನೊರೆ ಉಕ್ಕುತ್ತಿತ್ತು.

"ನನ್ನ ಸ್ವೆಟರ್ ಅದು," ಎಂದ ಲಗಮಣ್ಣ.

ಈಶ್ವರ ತಿರುಗದೆಯೇ ಹೇಳಿದ. "ಸಕ್ಕುಬಾಯಿ ವೈನಿ ಕೊಟ್ರು. ಮೊದಲ ನನ್ನ ಹತ್ರ ಬರಗೊಡ್ತಿದ್ದಿಲ್ಲ ಇದು, ಒದ್ದು ಒದ್ದು ಇಡತಿತ್ತು. ನಿನ್ನ ವಾಸನಿ ಇದ್ರ ಬಿಟ್ಟೀತು ಅಂತ ವೈನಿ ಇದನ್ನ ಹಾಕ್ಕೋ ಅಂದ್ರು. ಹಾಕ್ಕೊಂಡ ದಿನಾನ ಹಾಲು ಇಳಸ್ತು. ನಿನಗ ಹೇಳಿದ್ರ ಅದನ್ನೂ ಕಸಗೊಂತಿದ್ದಿ, ಎಮ್ಮಿ ಬತ್ತಿ ಹೋಗತಿತ್ತು." ಧಾರೆ ನಿಲ್ಲಲಿಲ್ಲ. "ಇದು ನನಗೆಲ್ಲಿ ಹಾಲು ಕೊಟ್ಟೈತಿ ಅಣ್ಣಾ? ಇವತ್ತಿನ ತನಕಾ ನೀನ ಹಿಂಡಾಕತ್ತೀಯಂತ ತಿಳದೈತಿ."

ಲಗಮಣ್ಣ ಕಂಬ ಹಿಡಿದು ನಿಂತ. ತನ್ನ ಮೊಣಕಾಲಿನ ಮುಲಾಮಿನ ವಾಸನೆ ಅವನಿಗೇ ಮೊದಲ ಸಲ ಘಾಟಾಗಿ ಹೊಡೆಯಿತು. ನಾಚಿಕೆಯಾಯಿತು, ಅಳು ಬಂತು, ಸಂತೋಷವೂ ಆಯಿತು. ಯಾವುದನ್ನು ಮೊದಲು ಪಡಬೇಕೋ ತಿಳಿಯಲಿಲ್ಲ.

"ನಾ ಹೇಳಿದ್ದು ಸುಳ್ಳು," ಎಂದ. "ನಿನ್ನ ಹಾಲಿನಾಗ ಅಂಜಿಕಿ ಇಲ್ಲ. ನಂದ್ರಾಗ ಐತಿ."

ಈಶ್ವರನ ಕೈ ಈಗ ನಿಂತಿತು. "ಮತ್ತ ಫೋನಿನ್ಯಾಗ..."

"ಫೋನಿನ್ಯಾಗ ನನಗ ಗೊತ್ತಿದ್ದಿಲ್ಲ. ಬಸ್ಸಿನ್ಯಾಗ ಗೊತ್ತಿತ್ತು. ಹೇಳಬಾರ್ದು ಅಂತಿದ್ನಿ."

ಈಶ್ವರ ಸ್ವೆಟರು ಕಳಚತೊಡಗಿದ. ಲಗಮಣ್ಣ ಗದರಿದ. "ಲೇ, ತಗೀಬ್ಯಾಡ! ಮೊದಲ ಹಿಂಡಿ ಮುಗಸು. ನಡುವ ಬಿಟ್ರ ಏರಿಸ್ಕೊಂಡೀತು."

ಪಾಡ್ಯದ ದಿನ ಮಾತಿನಂತೆ ಈಶ್ವರನೇ ಮೋಟಾರ್ ಸೈಕಲ್ ಹತ್ತಿದ. ಹತ್ತಿ, ಹಿಂದಿನ ಸೀಟು ತಟ್ಟಿ ಅಣ್ಣನನ್ನು ಕರೆದ. ಲಗಮಣ್ಣ ಮುಲಾಮು ತೊಳೆದುಕೊಂಡಿದ್ದ. ಮಟಮಟ ಬಿಸಿಲಿನಲ್ಲಿ ಕಂದು ಸ್ವೆಟರು ತೊಟ್ಟು, ಬೆವರು ಸುರಿಸುತ್ತ ಹಿಂದೆ ಕೂತ. ಜನ ನಕ್ಕರು, ಸಕ್ಕುಬಾಯಿ ಸೆರಗು ಬಾಯಿಗಿಟ್ಟು ಎಲ್ಲರಿಗಿಂತ ಹೆಚ್ಚು ನಕ್ಕಳು. ಇಬ್ಬರೂ ಕೂಗಿದರು. ಹರಣಿ ಕೊಂಬೆತ್ತಿ ಧೂಳೆಬ್ಬಿಸಿ ಓಡಿ ಬಂತು, ಓಡುತ್ತ ಓಡುತ್ತ ಹತ್ತಿರ ಬಂದು ಲಗಮಣ್ಣನ ತೋಳಿಗೆ ಮೂತಿ ಒರೆಸಿತು.

ಇಡೀ ಓಣಿ ಸಿಳ್ಳೆ ಹೊಡೆಯಿತು. ಲಗಮಣ್ಣನೊಬ್ಬನೇ ಹುಬ್ಬು ಗಂಟಿಕ್ಕಿ ತನ್ನ ತೋಳನ್ನು ನೋಡಿಕೊಂಡ. ಮೂತಿ ಒರೆಸಿದ್ದು ತನಗೋ, ಸ್ವೆಟರಿಗೋ? ಅವತ್ತಿನಿಂದ ಆ ಸ್ವೆಟರನ್ನು ಕಂಡರೆ ಅವನಿಗಾಗುವುದಿಲ್ಲ, ಆದರೆ ನಸುಕಿನಲ್ಲಿ ಅದಿಲ್ಲದೆ ತಮ್ಮನ ಕೊಟ್ಟಿಗೆಗೆ ಹೋಗುವ ಧೈರ್ಯವೂ ಅವನಿಗಿಲ್ಲ.