ಬನ್ನಿ ಕಟ್ಟೆಯ ಕೆಳಗಿನ ಬೇಸ್‌ಬಾಲ್

ಕೋವಿಡ್ ಕಳೆದು ಕಚೇರಿಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಲಂಡನ್ನಿನ ವಾಯವ್ಯ ಭಾಗದ ಒಂದು ಕೌನ್ಸಿಲ್‌ನಲ್ಲಿ ಕನ್ಸರ್ವೇಶನ್ ಆಫೀಸರ್ ಆಗಿದ್ದೆ. ಹಳೆಯ ಕಟ್ಟಡ, ಹಳೆಯ ಜಾಗಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂದು ಹೇಳುವ ಕೆಲಸ. ಧಾರವಾಡದಿಂದ ಬಂದವಳಿಗೆ ಈ ಊರಿನ ಹಳೆಯದರ ಮೇಲೆ ಯಾಕಿಷ್ಟು ಹಟ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹಟ ಬಿಡುತ್ತಿರಲಿಲ್ಲ.

ಪಾರ್ಕ್ ರಾಯಲ್‌ನ ಕಾರ್ಖಾನೆಗಳ ಬೆನ್ನಿಗೆ ಒಂದು ಹಳೆಯ ಬೇಸ್‌ಬಾಲ್ ಮೈದಾನವಿತ್ತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಲ್ಲಿ ಕಾರ್ಖಾನೆಯ ತಂಡಗಳು ಆಡುತ್ತಿದ್ದವಂತೆ. ಈಗ ಅದು ಬರೀ ಹುಲ್ಲು, ನಡುವೆ ಒಂದು ಮಣ್ಣಿನ ದಿಬ್ಬ. ಅಲ್ಲಿ ಗೋದಾಮು ಕಟ್ಟಲು ಕಂಪನಿಯೊಂದು ಅರ್ಜಿ ಹಾಕಿತು. ಸುದ್ದಿ ತಿಳಿದ ಮರುದಿನವೇ ಲೆನ್ ಎಂಬ ಮುದುಕ ನನ್ನ ಕಚೇರಿಗೆ ಬಂದ. ಅವನ ತಂದೆ ಆ ದಿಬ್ಬದ ಮೇಲೆ ನಿಂತು ಚೆಂಡೆಸೆಯುತ್ತಿದ್ದವನು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ನೆಲದ ಮೇಲಲ್ಲ, ಇಂಥ ದಿಬ್ಬದ ಮೇಲೆ ನಿಲ್ಲುತ್ತಾನೆ.

"ಅಪ್ಪನ ಗೋರಿಗೆ ನಾನು ಹೋಗುವುದಿಲ್ಲ, ಆ ದಿಬ್ಬಕ್ಕೇ ಹೋಗುತ್ತೇನೆ" ಎಂದ ಲೆನ್. "ಅದನ್ನೂ ಬಿಟ್ಟುಕೊಡಬೇಕೇ?"

ಮೈದಾನವನ್ನು ಲೋಕಲ್ ಲಿಸ್ಟ್‌ಗೆ ಸೇರಿಸಬೇಕೆಂದು ನಾನು ಬರೆದೆ. ಆ ಪಟ್ಟಿಯಲ್ಲಿದ್ದರೆ ಕೆಡವಲು ಬಂದವರು ಬಲವಾದ ಕಾರಣ ಕೊಡಬೇಕಾಗುತ್ತದೆ. ಕಂಪನಿಯ ತಜ್ಞರು ತಕ್ಷಣ ತಿರುಗೇಟು ಕೊಟ್ಟರು: ಆ ದಿಬ್ಬ ಬೇಸ್‌ಬಾಲ್‌ನದಲ್ಲವೇ ಅಲ್ಲ, ಭಾರತೀಯರು ಪ್ರತಿವರ್ಷ ಮಣ್ಣು ಸುರಿದು ಎಬ್ಬಿಸಿದ ಗುಪ್ಪೆ.

ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಮಣ್ಣು ಸುರಿದದ್ದು ನಿಜ.

ಲಂಡನ್ನಿನ ಕಿಂಗ್ಸ್‌ಬರಿ ಬಡಾವಣೆಯಲ್ಲಿ ನೆಲೆಸಿದ್ದ ಧಾರವಾಡದ ಕುಟುಂಬಗಳವರು ನಾವು ದಸರೆಯ ದಿನ ಸೀಮೋಲ್ಲಂಘನಕ್ಕೆ ಅಲ್ಲಿಗೇ ಹೋಗುತ್ತಿದ್ದೆವು. ಊರ ಗಡಿ ದಾಟಿ, ಬನ್ನಿ ಮರದ ಬುಡದಲ್ಲಿ ಎಲೆ ಹಂಚಿಕೊಂಡು ಬರುವ ಪದ್ಧತಿ ನಮ್ಮದು. ಲಂಡನ್ನಿನಲ್ಲಿ ಬನ್ನಿ ಎಲ್ಲಿ ಬರಬೇಕು? ಮೈದಾನದಂಚಿನ ಬರ್ಚ್ ಮರಗಳು ಅಷ್ಟು ಹೊತ್ತಿಗೆ ಹಳದಿಯಾಗಿರುತ್ತಿದ್ದವು. ಆ ಎಲೆಯೇ ನಮ್ಮ ಬಂಗಾರ. ಗಡಿ ದಾಟುವುದೂ ಬಸ್ಸಿನಲ್ಲಿ, ಅದೂ ಎರಡು ಬಸ್ಸು ಬದಲಿಸಿ. ಡಾಕ್ಟರಾದ ಮಗನ ಹಿಂದೆ ಬಂದು ಇಲ್ಲಿ ನೆಲೆಸಿ, ನಮಗೆಲ್ಲ ಚಿಕ್ಕಮ್ಮನಂತಾಗಿದ್ದ ಇಂದಿರಾ ಮೌಶಿ ಎಷ್ಟೋ ವರ್ಷಗಳ ಹಿಂದೆ ಆ ದಿಬ್ಬ ಕಂಡವರೇ, ಇದು ಯಾರೋ ಕಟ್ಟಿಸಿ ಬಿಟ್ಟುಹೋದ ಕಟ್ಟೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಪಾಳುಬಿದ್ದ ಕಟ್ಟೆ ನೋಡಿ ಸುಮ್ಮನಿರುವ ಜನ್ಮವಲ್ಲ ಅವರದು. ಹಬ್ಬಕ್ಕೆ ಮುಂಚೆ ಗಾರ್ಡನ್ ಸೆಂಟರಿನಿಂದ ಮಣ್ಣಿನ ಚೀಲ ತರಿಸಿ, ಮಳೆಗೆ ಕೊಚ್ಚಿದ್ದನ್ನು ತುಂಬಿಸಿ, ತಟ್ಟಿಸುತ್ತಿದ್ದರು. ನಾನೂ ತಟ್ಟಿದವಳೇ. ಇದನ್ನು ಕಚೇರಿಗೆ ಮೊದಲೇ ತಿಳಿಸಿದ್ದೆ.

ನನ್ನ ಮ್ಯಾನೇಜರ್ ಕೆಟ್ಟವನಲ್ಲ, ಜಗಳವೆಂದರೆ ಆಗದವನು. "ನಿಮ್ಮ ಜನರೇ ಕಟ್ಟಿದ್ದು ಅಂತಾಯಿತಲ್ಲ. ಶಿಫಾರಸು ವಾಪಸ್ ತೆಗೆದುಕೊಳ್ಳಿ" ಎಂದ.

"ನಮ್ಮ ಜನ ಮೇಲೆ ಹಾಕಿದ್ದು. ಕೆಳಗೆ ಏನಿದೆ ಅಂತ ಅವರೂ ನೋಡಿಲ್ಲ, ನೀವೂ ನೋಡಿಲ್ಲ. ಅಗೆಯೋಣ" ಎಂದೆ.

ಹೇಳುವುದು ಸುಲಭ. ಒಳಗೆ ಏನೂ ಸಿಗದಿದ್ದರೆ ಲೆನ್‌ನ ಮೈದಾನವೂ ಹೋಗುತ್ತಿತ್ತು, ಮೌಶಿಯ ಕಟ್ಟೆಯೂ ನನ್ನ ಕೈಯಿಂದಲೇ ಹಾಳಾಗುತ್ತಿತ್ತು. ಅವರ ಮನೆಗೆ ಹೋಗಿ ಎಲ್ಲವನ್ನೂ ವಿವರಿಸಿದೆ.

"ಪೂಜಾ ಮಾಡಿದ ಕಟ್ಟಿ ಅಗೀತೀ ಏನs?" ಎಂದರು ಮೌಶಿ.

"ಅಗೀಲಿಲ್ಲಂದ್ರ ಬುಲ್ಡೋಜರ್ ಬರ್ತದ, ಮೌಶಿ."

 ಮೌಶಿ ಆಗಲೇ ಹೊರಟವರ ಹಾಗೆ ಎದ್ದು ಕೋಟು ಹಾಕಿಕೊಂಡರು. "ಅಂಜಿ ಮುಚ್ಚಿಟ್ರ ದೇವರಾದ್ರೂ ಉಳಿತಾನೇನು? ಅಗಿಸು. ಆದ್ರ ನಾ ಅಲ್ಲೇ ನಿಂದರಾಕಿ. ನನ್ನ ಕಟ್ಟಿಗೆ ಗುಪ್ಪಿ ಅಂದವ್ರೂ ಬಂದು ನಿಂದರಲಿ."

ಅಗೆಯುವ ದಿನ ತುಂತುರು ಮಳೆ. ಕಂಪನಿಯ ತಜ್ಞ, ನನ್ನ ಮ್ಯಾನೇಜರ್, ಲೆನ್, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೌಶಿ. ಪುರಾತತ್ವದ ಹುಡುಗಿ ದಿಬ್ಬದ ಅರ್ಧವನ್ನು ಮಾತ್ರ ಕೇಕಿನ ಹಾಗೆ ಕತ್ತರಿಸಿ ತೆಗೆದಳು. ಹೀಗೆ ಮಾಡಿದರೆ ಪದರುಗಳು ಕಾಣುತ್ತವೆ. ಮೇಲೆ ದಪ್ಪಗೆ ಕಪ್ಪು ಮಣ್ಣು, ಪೂರಾ ನಮ್ಮದೇ. ತಜ್ಞ ಛತ್ರಿಯ ಕೆಳಗೆ ಮುಗುಳ್ನಕ್ಕ. ಅವಳು ಇನ್ನೂ ಕೆಳಗೆ ಹೋದಳು. ಕಪ್ಪು ಮುಗಿದು ಕೆಮ್ಮಣ್ಣು ಬಂತು. ಗಟ್ಟಿಯಾಗಿ ಬಡಿದು ಕೂರಿಸಿದ ಜೇಡಿ. ಅದರ ನೆತ್ತಿಯಲ್ಲಿ ಉದ್ದನೆಯ ಬಿಳಿ ರಬ್ಬರ್ ಪಟ್ಟಿ, ಒಂದು ಅಂಚು ಮಾತ್ರ ಚೆನ್ನಾಗಿ ಸವೆದಿತ್ತು. ಎಸೆಯುವವನ ಪಾದ ಒತ್ತುವ ಜಾಗ ಅದು.

ಲೆನ್ ಮಂಡಿಯೂರಿ ಕುಳಿತ. ಮುಟ್ಟಲಿಲ್ಲ. "ಅಪ್ಪನ ಕಾಲು" ಎಂದಷ್ಟೇ ಅಂದು ಅತ್ತ. ನನಗೂ ಕಣ್ಣು ತುಂಬಿತು. ಮೌಶಿ ಮಾತ್ರ ತಜ್ಞನ ಕಡೆಗೇ ನೋಡುತ್ತಿದ್ದರು. ಅವನ ಮುಗುಳ್ನಗೆ ಮಳೆಯಲ್ಲಿ ತೊಳೆದುಹೋಗಿತ್ತು.

ಸುತ್ತಲ ಮೈದಾನವನ್ನೆಲ್ಲ ಸಮತಟ್ಟು ಮಾಡಿದ್ದ ಯಂತ್ರಗಳು ಈ ದಿಬ್ಬವನ್ನು ಬಿಟ್ಟದ್ದು ಯಾಕೆಂದು ಮೈದಾನ ನೋಡಿಕೊಳ್ಳುತ್ತಿದ್ದ ಹಳೆಯ ಕೆಲಸಗಾರರನ್ನು ಕೇಳಿದೆ. "ಆ ಹೆಂಗಸರು ಅಲ್ಲಿ ಹೂ ಇಡುತ್ತಾರೆ, ಅದಕ್ಕೆ ಸುತ್ತುಹಾಕಿ ಹೋಗುತ್ತಿದ್ದೆವು" ಎಂದರು. ಮೈದಾನ ಪಟ್ಟಿಗೆ ಸೇರಿತು, ಗೋದಾಮಿನ ಅರ್ಜಿ ಬಿದ್ದುಹೋಯಿತು.

ಕೊನೆಯ ಜಗಳ ನಿರ್ವಹಣೆಯ ನಿಯಮಗಳದು. ಸಂರಕ್ಷಿತ ಜಾಗಕ್ಕೆ ಹೊರಗಿನಿಂದ ಏನೂ ಸೇರಿಸಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ನಾನು ಬರೆದದ್ದು ಬೇರೆ: ಕಿಂಗ್ಸ್‌ಬರಿಯ ಕುಟುಂಬಗಳು ಪ್ರತಿವರ್ಷ ದಸರೆಗೆ ಮುಂಚೆ ಈ ದಿಬ್ಬಕ್ಕೆ ಹೊಸ ಮಣ್ಣು ಹಾಕತಕ್ಕದ್ದು.

"ಇದು ಬೇಸ್‌ಬಾಲ್‌ನ ಇತಿಹಾಸ ಅಲ್ಲ" ಎಂದ ಮ್ಯಾನೇಜರ್.

"ಅವರು ಮಣ್ಣು ಹಾಕದಿದ್ದರೆ ಬೇಸ್‌ಬಾಲ್ ಇರುತ್ತಿತ್ತೇ?"

ಅವನು ಸಹಿ ಹಾಕಿದ. ಹಳೆಯದನ್ನು ಉಳಿಸುವುದು ಅದರ ಬಗ್ಗೆ ಸರಿಯಾಗಿ ತಿಳಿದವರು ಎಂದು ನನ್ನ ವೃತ್ತಿ ಕಲಿಸಿತ್ತು. ಅಲ್ಲ, ತಪ್ಪು ತಿಳಿದರೂ ಬಿಡದೆ ಬರುವವರೇ ಉಳಿಸುತ್ತಾರೆ ಎಂದು ಆ ದಿಬ್ಬ ತಿದ್ದಿತು. ಈಗ ನಾನು ನಿವೃತ್ತಳು. ಮೌಶಿಗೆ ಚೀಲ ಎತ್ತಲಾಗುವುದಿಲ್ಲ, ಕುರ್ಚಿಯಿಂದಲೇ ಹುಕುಂ ಕೊಡುತ್ತಾರೆ. ಕಳೆದ ದಸರೆಯಲ್ಲಿ ಮಣ್ಣಿನ ಚೀಲ ಹೊತ್ತು ತಂದವನು ಲೆನ್. ಮೌಶಿ ಅವನ ಕೈಗೆ ಹಳದಿ ಎಲೆಯಿಟ್ಟು, "ಬಂಗಾರ ತಗೋ, ಬಂಗಾರದಂಗ ಇರೋಣ" ಎಂದರು. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಎಲೆಯನ್ನು ಜೇಬಿಗೆ ಹಾಕಿಕೊಂಡು, ಅಪ್ಪ ನಿಂತ ಜಾಗದ ಮೇಲೆ ಮಣ್ಣು ತಟ್ಟತೊಡಗಿದ.