ಅಕ್ಕ ಕಾವಿಗೆ ಕೂರಿಸಿದ ಹೇಂಟೆ

ಹೇಂಟೆ ತನ್ನ ಮರಿಗಳನ್ನು ತಾನೇ ಮಾಡಿಕೊಳ್ಳುತ್ತದೆ, ಮನುಷ್ಯರು ಕೈ ಹಾಕದೆ ಸುಮ್ಮನಿದ್ದರೆ ಸಾಕು. ನಮ್ಮ ಮನೆಯಲ್ಲಿ ಈ ಮಾತನ್ನು ವಾದ ಮಾಡಿ ಗೆದ್ದವನು ನಾನು. ಹತ್ತೊಂಬತ್ತನೆಯ ದಿನ ಕೈ ಹಾಕಿದವನೂ ನಾನೇ. ಈ ಎರಡನೆಯ ಸಂಗತಿಯನ್ನು ಇವತ್ತಿನವರೆಗೆ ಯಾರೂ ನಂಬಿಲ್ಲ.

ಅದು ಯುದ್ಧದ ಕಾಲ. ನಾನು ಹೊನ್ನಾಳಿಯಲ್ಲಿ ನೆಂಟರ ಮನೆಯಲ್ಲಿದ್ದು ಓದುತ್ತಿದ್ದೆ. ನಮ್ಮ ಮೇಷ್ಟ್ರು ಶನಿವಾರ ಚರ್ಚಾಕೂಟ ನಡೆಸುತ್ತಿದ್ದರು. ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಯಾವ ಚೀಟಿ ಬಂದರೂ ಗೆಲ್ಲುವವನೇ ಮಾತುಗಾರ ಎಂದು ಅವರು ಹೇಳುತ್ತಿದ್ದರು, ನಾನು ನಂಬಿದ್ದೆ. ಆ ಬೇಸಿಗೆ ರಜೆಗೆ ಸಂತೇಬೆನ್ನೂರಿನ ಹತ್ತಿರದ ನಮ್ಮ ಊರಿಗೆ ಬಂದವನು ಮೊದಲ ಸಂಜೆಯೇ ಜಗಲಿಯ ಮೇಲೆ ನಿಂತು ಆಕಳಿಗಿಂತ ಎತ್ತು ಮೇಲು ಎಂದು ಸಾಧಿಸಿದೆ. ಎಲ್ಲರೂ ತಲೆದೂಗಿದ ಮೇಲೆ ಎತ್ತಿಗಿಂತ ಆಕಳೇ ಮೇಲು ಎಂದು ಅಷ್ಟೇ ಗಟ್ಟಿಯಾಗಿ ಸಾಧಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಬಹಳ ದಿನವಾಯಿತು ಎಂದು ಅಪ್ಪ ಆಮೇಲೆ ಹೇಳಿದ.

ಅಕ್ಕನನ್ನು ಜಗಳೂರು ಸೀಮೆಯ ಬಿಳಿಚೋಡಿಗೆ ಕೊಟ್ಟಿತ್ತು. ಮೂರು ವರ್ಷದಲ್ಲಿ ಎರಡು ಹೆರಿಗೆ. ಎರಡೂ ಕೂಸಿಗೆ ದಿನ ತುಂಬಿ, ಕೂದಲು ಉಗುರು ಎಲ್ಲ ಮೂಡಿದ್ದವು, ಹುಟ್ಟುವಾಗಲೇ ಜೀವ ಇರಲಿಲ್ಲ. ಎರಡನೆಯದಾದ ಮೇಲೆ ಅವಳ ಅತ್ತೆ ಅವಳಿಗೆ ಬೀಜದ ಜೋಳ ಮುಟ್ಟಿಸಲಿಲ್ಲ, ಎಳೆಗರುವಿನ ಹಗ್ಗ ಹಿಡಿಸಲಿಲ್ಲ. ಅವಳ ಕೈಗುಣ ಸರಿಯಿಲ್ಲವೆಂದು ಊರೆಲ್ಲ ಆಯಿತು. ನಾಲ್ಕು ದಿನ ಇದ್ದು ಸುಧಾರಿಸಿಕೊಳ್ಳಲಿ ಎಂದು ತವರಿಗೆ ಕಳಿಸಿದರು. ಐದು ತಿಂಗಳಾದರೂ ಕರೆಯಲು ಯಾರೂ ಬಂದಿರಲಿಲ್ಲ.

ಅವ್ವ ಇಲ್ಲದ ಮನೆಯಲ್ಲಿ ಯಜಮಾನಿಕೆ ಅಜ್ಜಿಯದು. ಕೋಳಿಗಳೂ ಅಜ್ಜಿಯವೇ. ನಾನು ಬಂದ ವಾರಕ್ಕೆ ಕೆಂಚು ಹೇಂಟೆ ಕಾವಿಗೆ ಬಂತು. ಗರಿ ಕೆದರಿಕೊಂಡು, ಕೊರ್ ಕೊರ್ ಎನ್ನುತ್ತ, ಬರಿ ನೆಲದ ಮೇಲೇ ಕೂತುಬಿಡುತ್ತಿತ್ತು. ಕಾವು ಬೇಡವೆಂದರೆ ನೀರಲ್ಲಿ ಅದ್ದಿ, ಮೂಗಿಗೆ ಪುಕ್ಕ ಚುಚ್ಚಿ ಬಿಡುತ್ತಾರೆ. ಬೇಕೆಂದರೆ ಮಂಕರಿಯಲ್ಲಿ ಬೂದಿ ಹಾಸಿ, ಹುಲ್ಲಿಟ್ಟು, ಗುಡುಗಿಗೆ ತತ್ತಿ ಕೆಡದಿರಲೆಂದು ಒಂದು ಕಬ್ಬಿಣದ ಚೂರು ಸೇರಿಸಿ ಕೂರಿಸುತ್ತಾರೆ. ತತ್ತಿಯನ್ನು ಇಡಬೇಕಾದದ್ದು ಮಕ್ಕಳ ತಾಯಿಯ ಕೈ. ಪಕ್ಕದ ಮನೆಯ ಐದು ಮಕ್ಕಳ ತಾಯಿಯನ್ನು ಕರೆಯುತ್ತೇನೆಂದು ಅಜ್ಜಿ ಎದ್ದಳು. ಅಲ್ಲೇ ಜೋಳ ಕೇರುತ್ತಿದ್ದ ಅಕ್ಕ ಮೊರವನ್ನು ಕೆಳಗಿಟ್ಟು ಒಳಗೆ ಹೋದಳು.

ನನಗೆ ರೇಗಿತು.

"ಅಜ್ಜಿ, ತತ್ತಿಗೆ ಕಾವು ಕೊಡಾದು ಹೇಂಟೆನೋ, ಪಕ್ಕದ ಮನೆಯಾಕೆನೋ?"

"ಹೇಂಟೆ ಕಣಪ್ಪ."

"ಹಂಗಾದ್ರೆ ಇಟ್ಟ ಕೈ ಯಾರ್ದಾದ್ರೆ ಏನು? ಹ್ವಾದ ವರ್ಷ ಆಕೆ ಕೈಲೇ ಇಡಿಸಿದ್ದೆ. ಎಷ್ಟು ಮರಿ ಬಂದ್ವು?"

"ನಾಕು ಬಂದ್ವು. ಆವಾಗ ಗುಡುಗು ಬಾಳ ಇತ್ತು."

"ಅಂದ್ರೆ ಮರಿ ಬಂದ್ರೆ ಕೈ, ಬರ್ದಿದ್ರೆ ಗುಡುಗು."

ಅಜ್ಜಿಗೂ ನಗು ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎದುರಾಳಿ ನಕ್ಕಾಗಲೇ ಅವನನ್ನು ಕೆಡವಬೇಕೆಂಬುದು ನನ್ನ ಪಾಠ. ಅಕ್ಕನ ಕೈಯಿಂದಲೇ ಇಡಿಸು, ಯಾರೂ ಮುಟ್ಟುವುದು ಬೇಡ, ಹೇಂಟೆ ತಾನೇ ಮರಿ ಮಾಡಲಿ, ಮರಿ ಬಂದರೆ ಬಿಳಿಚೋಡಿಗೆ ಹೇಳಿಕಳಿಸು, ಅವರ ಬಾಯಿ ಮುಚ್ಚುತ್ತದೆ ಎಂದೆ. ಅಜ್ಜಿ ಬಹಳ ಹೊತ್ತು ಯೋಚಿಸಿ ಒಪ್ಪಿದಳು. ಬಾರದಿದ್ದರೆ ಏನು ಎಂದು ಅವಳು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಪುರಾವೆ ಕೇಳುವವನು ಅದು ತನಗೆ ತಿರುಗಿಬಿದ್ದರೂ ತಲೆಬಾಗಬೇಕು ಎಂಬುದು ಚರ್ಚೆಯ ಮೊದಲ ನಿಯಮ. ಅಲ್ಲಿ ಸೋತರೆ ಹೋಗುವುದು ನನ್ನ ಮಾನ. ಇಲ್ಲಿ ಪಣಕ್ಕಿಟ್ಟದ್ದು ಅಕ್ಕನ ಬಾಳು.

ಅಕ್ಕ ಹನ್ನೊಂದು ತತ್ತಿ ಇಟ್ಟಳು. ಒಂದೊಂದನ್ನೂ ಸೆರಗಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ಬಿರುಕಿದೆಯೇ ಎಂದು ನೋಡಿ ಇಟ್ಟಳು. ಮುಂದಿನ ದಿನಗಳಲ್ಲಿ ಅವಳ ಲೆಕ್ಕವೆಲ್ಲ ಆ ಮಂಕರಿಯದೇ. ಹೇಂಟೆ ಯಾವ ಹೊತ್ತಿಗೆ ಇಳಿಯಿತು, ಎಷ್ಟು ಕಾಳು ತಿಂತು, ಎಷ್ಟು ಬೇಗ ತಿರುಗಿ ಹತ್ತಿತು ಎಂಬುದು ಅವಳ ಬಾಯಲ್ಲಿರುತ್ತಿತ್ತು. ಹೇಂಟೆ ತತ್ತಿಗಳನ್ನು ಕೊಕ್ಕಿನಿಂದ ಹೊರಳಿಸುವ ಸದ್ದಿಗೆ ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಮೈಮೇಲೆ ಸ್ವಲ್ಪ ಕಳೆ ಬಂತು.

ಹೇಳಿಕಳಿಸುವುದಕ್ಕೆ ಅಜ್ಜಿಗೆ ಮರಿ ಬರುವ ತನಕ ತಾಳ್ಮೆ ಇರಲಿಲ್ಲ. ಹದಿನೇಳನೆಯ ದಿನ ಭಾವ ಬಂದೇಬಿಟ್ಟ. ಕೆಟ್ಟವನಲ್ಲ, ತಾಯಿಗೆ ಎದುರು ಮಾತಾಡದವನು. ಜಗಲಿಯ ಮೇಲೆ ಕೂತು ಅಪ್ಪನ ಹತ್ತಿರ ಒಂದೇ ಮಾತು ಹೇಳಿದ.

"ಮಾವಾ, ನನ್ಗೇನೂ ಇಲ್ಲ. ನಮ್ಮವ್ವನ ಮುಂದೆ ಹೇಳಾಕೆ ಒಂದು ಮಾತು ಬೇಕು, ಅಷ್ಟೇಯ."

ಹತ್ತೊಂಬತ್ತನೆಯ ದಿನ ತತ್ತಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ತೇಲಿಸಿ ನೋಡುವುದು ಅಜ್ಜಿಯ ರೂಢಿ. ಒಳಗೆ ಜೀವವಿದ್ದದ್ದು ನೀರ ಮೇಲೆ ತಾನಾಗಿ ಅಲುಗುತ್ತದೆ, ಸತ್ತದ್ದು ಸುಮ್ಮನಿರುತ್ತದೆ. ಈ ಸಲ ಅಜ್ಜಿ ಬೇಡವೆಂದಳು. ಮಾತಾಡಿದಂತೆ ಹೇಂಟೆಯೇ ಮಾಡಲಿ, ಆಮೇಲೆ ಬೇರೆಯವರ ಕೈ ಬಿತ್ತು ಎಂಬ ಮಾತು ಬರಬಾರದು ಎಂದಳು. ನನ್ನ ವಾದವನ್ನೇ ನನಗೆ ತಿರುಗಿ ಹೇಳಿದಳು. ಅಕ್ಕನೂ ಹಾಗೆಯೇ ಎಂದಳು.

ಆದರೆ ನನಗೆ ಮುಂಚೆಯೇ ತಿಳಿಯಬೇಕಿತ್ತು. ಹನ್ನೊಂದರಲ್ಲಿ ಇಷ್ಟು ಬರುತ್ತವೆ ಎಂದು ಭಾವನ ಎದುರು ಮೊದಲೇ ಹೇಳಿ, ಅಷ್ಟೇ ಮರಿ ಹೊರಬರುವುದನ್ನು ತೋರಿಸುವ ಆಸೆ. ಬೆಳಿಗ್ಗೆ ಅಕ್ಕ ಕೆರೆಗೆ, ಅಜ್ಜಿ ಹಿತ್ತಿಲಿಗೆ, ಗಂಡಸರು ಹೊಲಕ್ಕೆ ಹೋದ ಮೇಲೆ ಬಚ್ಚಲ ಹಂಡೆಯಿಂದ ಒಂದು ಬೋಗುಣಿ ನೀರು ತೋಡಿಕೊಂಡೆ. ಬೆರಳಿಟ್ಟು ನೋಡಿದೆ. ಬಿಸಿಯಿತ್ತು, ತಡೆದುಕೊಳ್ಳಬಹುದಿತ್ತು. ಕಾವಿನಿಂದ ಜೀವ ಬರುವುದಾದರೆ ಒಂದು ಪಾಲು ಹೆಚ್ಚಿನ ಕಾವು ಜೀವಕ್ಕೆ ಕೇಡು ಹೇಗಾದೀತು ಎಂದು ತರ್ಕ ಮಾಡಿದೆ. ತರ್ಕಕ್ಕೆ ಎದುರು ಮಾತಾಡುವವರು ಯಾರೂ ಅಲ್ಲಿರಲಿಲ್ಲ. ಹೇಂಟೆ ನನ್ನ ಮಣಿಕಟ್ಟನ್ನು ಕುಕ್ಕಿ ರಕ್ತ ಬರಿಸಿತು, ಅಷ್ಟೆ.

ನೀರಿಗೆ ಬಿಟ್ಟ ತಕ್ಷಣ ಹನ್ನೊಂದರಲ್ಲಿ ಹತ್ತು ತತ್ತಿ ಕುಣಿದವು. ಅಲುಗಿದ್ದಲ್ಲ, ಕುಣಿದವು. ಒಂದಕ್ಕೊಂದು ತಾಕಿ ಟಕಟಕ ಎಂದವು. ನಾನು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಗ್ಗಿದೆ. ಹತ್ತು ಮರಿ! ಇನ್ನೊಂದಿಷ್ಟು ಹೊತ್ತು ನೋಡೋಣವೆಂದು ನೋಡಿದೆ. ನೋಡುತ್ತಿದ್ದಂತೆ ಒಂದೊಂದಾಗಿ ಸುಮ್ಮನಾದವು. ದಣಿದು ಮಲಗಿರಬೇಕು ಎಂದುಕೊಂಡೆ. ಒರೆಸಿ, ಹೇಂಟೆಯ ಕೆಳಗೆ ತಿರುಗಿ ಇಟ್ಟು, ಬೋಗುಣಿ ಬೋರಲು ಹಾಕಿದೆ. ಮಧ್ಯಾಹ್ನ ಉಣ್ಣುವಾಗ ಭಾವನಿಗೆ, ಹತ್ತು ಮರಿ ನೋಡಿಕೊಂಡು ಹೋಗಿ ಎಂದೆ.

ಮರಿ ಹೊರಬರಬೇಕಾದ ಇಪ್ಪತ್ತೊಂದನೆಯ ದಿನ ಕಳೆಯಿತು, ಇಪ್ಪತ್ತೆರಡು ಕಳೆಯಿತು. ಅಕ್ಕ ಮಂಕರಿಯ ಕಡೆ ಕಿವಿಯಿಟ್ಟು ಕೇಳುವುದನ್ನು ನಿಲ್ಲಿಸಿದಳು. ಇಪ್ಪತ್ನಾಲ್ಕನೆಯ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಒಂದನ್ನು ಒಡೆದಳು. ಪೂರ್ತಿ ಮರಿ. ಪುಕ್ಕ, ಕೊಕ್ಕು, ಮಡಿಚಿದ ಕಾಲು, ಎಲ್ಲ ಇತ್ತು. ಎರಡನೆಯದು, ಮೂರನೆಯದು, ಎಲ್ಲ ಹಾಗೆಯೇ. ದಿನ ತುಂಬಿ, ಒಳಗೇ ಸತ್ತಿದ್ದವು. ಏಳನೆಯದರ ಹೊತ್ತಿಗೆ ಅಜ್ಜಿ ಒಡೆಯುವುದನ್ನು ಬಿಟ್ಟು ಅಕ್ಕನ ಮುಖ ನೋಡಿದಳು. ಭಾವನೂ ನೋಡಿದ. ಹೇಳಬೇಕಾದ್ದನ್ನೆಲ್ಲ ಆ ಮರಿಗಳೇ ಹೇಳಿದ್ದವು.

ಆಗ ನಾನು ಹೇಳಿದೆ. ನೀರು, ಹಂಡೆ, ಬೋಗುಣಿ, ಕುಣಿದದ್ದು, ಸುಮ್ಮನಾದದ್ದು, ಒಂದನ್ನೂ ಬಿಡದೆ ಕ್ರಮವಾಗಿ ಹೇಳಿದೆ. ಮಣಿಕಟ್ಟಿನ ಗಾಯ ತೋರಿಸಿದೆ. ಹೇಂಟೆ ದಿನಾ ಎಲ್ಲರನ್ನೂ ಕುಕ್ಕುತ್ತಿತ್ತು, ಅದು ಪುರಾವೆಯಾಗಲಿಲ್ಲ. ಇಷ್ಟು ಚೆನ್ನಾಗಿ ನಾನು ಯಾವ ಶನಿವಾರವೂ ಮಾತಾಡಿರಲಿಲ್ಲ. ಅದೇ ಕೆಟ್ಟದ್ದಾಯಿತು.

"ನೀನು ಬಿಡಪ್ಪ," ಎಂದಳು ಅಜ್ಜಿ. "ಎತ್ತು ಅಂದ್ರೆ ಎತ್ತು, ಆಕಳು ಅಂದ್ರೆ ಆಕಳು. ನಿನ್ನ ನಾಲಿಗೆ ಯಾವ ಕಡೆ ಬೇಕಾದ್ರೂ ಹೊಳ್ಳತೈತೆ. ನೀನು ತೇಲಿಸಿದ್ರೆ ಅವತ್ತೇ ಊರೆಲ್ಲ ಹೇಳಿರ್ತಿದ್ದೆ."

ಆಣೆ ಮಾಡಿದೆ. ದೇವರಿಲ್ಲ ಎಂದು ಅದೇ ಜಗಲಿಯ ಮೇಲೆ ನಾಲ್ಕು ದಿನದ ಹಿಂದೆ ವಾದಿಸಿದವನ ಆಣೆಗೆ ಯಾರು ಬೆಲೆ ಕೊಡುತ್ತಾರೆ? ಭಾವ ಆ ಹೊತ್ತಿಗೇ ಚೀಲ ತಗುಲಿಸಿಕೊಂಡ. ಊರ ಹೊರಗಿನ ಹುಣಸೆಮರದವರೆಗೆ ಹಿಂದೆಯೇ ಹೋಗಿ ಮತ್ತೆ ಹೇಳಿದೆ. ಅವನು ಪೂರಾ ಕೇಳಿಸಿಕೊಂಡ.

"ನೀನು ಹೇಳಾದು ಖರೆ ಇದ್ರೂ ಇರಬೌದು ತಮ್ಮಾ. ಇದನ್ನ ನಮ್ಮವ್ವನ ಮುಂದೆ ನಿಂತು ಹೇಳಾಕೆ ನನ್ಗೆ ಬರಾದಿಲ್ಲ."

ನಾನು ಬಂದು ಹೇಳುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿ ಹೊರಟುಹೋದ.

ಮನೆಗೆ ಬಂದಾಗ ಅಕ್ಕ ಹಿತ್ತಿಲಲ್ಲಿ ಮರಿಗಳನ್ನು ಹೂಳುತ್ತಿದ್ದಳು. ಸತ್ತ ಕೋಳಿಮರಿಗಳನ್ನು ನಮ್ಮಲ್ಲಿ ಯಾರೂ ಹೂಳುವುದಿಲ್ಲ, ತಿಪ್ಪೆಗೆ ಎಸೆಯುತ್ತಾರೆ. ನಾನೇ ಕೊಂದೆ ಕಣಕ್ಕ, ನೀನಾದರೂ ನಂಬು ಎಂದೆ. ಅವಳು ಮಣ್ಣುಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ನನ್ಸಲುವಾಗಿ ಹೇಳ್ತಿದೀಯ ಅಂತ ಗೊತ್ತೈತೆ," ಎಂದಳು. "ಸಾಕು ಬಿಡು. ಇನ್ನ ಹೇಳಬ್ಯಾಡ."

ದೀಪಾವಳಿಗೆ ಮುಂಚೆ ಭಾವನಿಗೆ ಇನ್ನೊಂದು ಮದುವೆಯಾಯಿತು.

ಇದಾಗಿ ಐದು ವರ್ಷ. ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಬಿತ್ತನೆಗೆ ಕೂರಿಗೆ ಹೂಡುವ ದಿನ ಅವಳೇ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ, ಯಾರೂ ಹೇಳಬೇಕಿಲ್ಲ. ಕೂಸನ್ನು ಯಾರಾದರೂ ಎತ್ತಿಕೊಳ್ಳಲು ಕೊಟ್ಟರೆ ಕೈ ಒದ್ದೆ ಎನ್ನುತ್ತಾಳೆ. ಮೂಢನಂಬಿಕೆಯನ್ನು ಅಜ್ಜಿಯ ತಲೆಯಿಂದ ಕೀಳಲು ಹೋಗಿ ಅಕ್ಕನ ತಲೆಯಲ್ಲಿ ನೆಟ್ಟವನು ನಾನು. ಅದಕ್ಕೆ ಮುಂಚೆ ಅವಳು ಅರ್ಧ ನಂಬಿದ್ದಳು, ಉಳಿದರ್ಧಕ್ಕೆ ಹತ್ತು ಸಾಕ್ಷಿ ಒದಗಿಸಿದೆ.

ಹೋದ ತಿಂಗಳು ಮನೆಯಲ್ಲಿ ಇನ್ನೊಂದು ಹೇಂಟೆ ಕಾವಿಗೆ ಬಂತು. ನೀನೇ ತತ್ತಿ ಇಡು ಅಕ್ಕ, ಈ ಸಲ ನಾನು ಊರಲ್ಲೇ ಇರುವುದಿಲ್ಲ, ಮರಿ ಬಂದರೆ ನಾನು ಹೇಳಿದ್ದು ನಿಜವೆಂದು ನಿನಗಾದರೂ ಗೊತ್ತಾಗುತ್ತದೆ ಎಂದು ಬೇಡಿಕೊಂಡೆ.

"ಮರಿ ಬಂದ್ರೆ ಅದನ್ನ ಯಾರಿಗೆ ಹೇಳಾಕೆ ಹೋಗ್ಲಿ?" ಎಂದಳು. "ಬರ್ದಿದ್ರೆ ನಾನೆಲ್ಲಿಗೆ ಹೋಗ್ಲಿ?"

ಆ ಹೇಂಟೆಯನ್ನೂ ಕೂಡಿಟ್ಟ ತತ್ತಿಗಳನ್ನೂ ಪಕ್ಕದ ಮನೆಗೆ ಕೊಟ್ಟು ಬಾ ಎಂದಳು. ತಾನು ಮುಟ್ಟಲಿಲ್ಲ, ನನ್ನ ಕೈಯಿಂದಲೇ ಹಿಡಿಸಿದಳು. ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬಂದೆ.